ನಾಮಫಲಕ ಬೀಪ್ ಎಂದ ದಿನ

ಔಷಧಿ ಅಂಗಡಿಯ ನಾಮಫಲಕ ಬಿಲ್ಲಿಂಗ್ ಸ್ಕ್ಯಾನರನ್ನು ಹಂಗಿಸಿತು: "ನನ್ನ ಬೆಳಕು ಇಡೀ ಬೀದಿಗೆ ಕಾಣುತ್ತದೆ. ನೀನೋ, ಪಕ್ಕದ ಮನೆಯವರು ಕೆಮ್ಮಿನ ಸಿರಪ್ ಕೊಂಡರೂ ಬಿಡದೆ ಬೀಪ್ ಎನ್ನುತ್ತೀಯ!"

"ಯಾವ ಬಾಟಲಿ ಯಾರ ಮನೆಗೆ ಹೋಯಿತೆಂದು ಕಂಪ್ಯೂಟರಿಗೆ ತಿಳಿಯಬೇಕಲ್ಲ" ಎಂದಿತು ಸ್ಕ್ಯಾನರ್.

ಮರುದಿನವೇ ಕಂಪನಿಯಿಂದ ಫೋನ್ ಬಂತು: ಆ ಸಿರಪ್ಪಿನ ಒಂದು ಬ್ಯಾಚ್ ಕೆಟ್ಟಿದೆ, ಯಾರೂ ಕುಡಿಯಬಾರದು.

"ಅಯ್ಯೋ, ಮಕ್ಕಳಿಗೆ ಕುಡಿಸುವುದು! ಎಲ್ಲಿ ಅಂತ ಹುಡುಕಲಿ?" ಎಂದು ಮಾಲಕಿ ಇಂದುಮತಿ ತಲೆಯ ಮೇಲೆ ಕೈ ಹೊತ್ತರು.

ಕಂಪ್ಯೂಟರ್ ಕ್ಷಣದಲ್ಲಿ ಕೊಂಡವರ ಹೆಸರು, ಫೋನ್ ನಂಬರ್ ತೋರಿಸಿತು. ಇಂದುಮತಿ ಎಲ್ಲರಿಗೂ ಫೋನ್ ಮಾಡಿದರು. ಬಾಟಲಿಗಳು ಮುಚ್ಚಳ ತೆರೆಯುವ ಮೊದಲೇ ಒಂದೊಂದಾಗಿ ಹಿಂದಿರುಗಿದವು. ಪ್ರತಿಯೊಂದಕ್ಕೂ ಸ್ಕ್ಯಾನರ್ ಬೀಪ್ ಎಂದಿತು.

ಕೊನೆಯ ಬಾಟಲಿಯನ್ನು ಪಕ್ಕದ ಮನೆಯವರು ತಂದಾಗ, ಸ್ಕ್ಯಾನರ್ ಬಾಯಿ ಬಿಡುವ ಮೊದಲೇ ನಾಮಫಲಕ ಬೀದಿಗೆಲ್ಲ ಕೇಳುವಂತೆ ಕೂಗಿತು: "ಬೀಪ್!"