ರೇಷ್ಮೆ ಎಳೆಯ ಗೂಡು

"ಗುರುಗಳೇ, ಹಕ್ಕಿಗಳನ್ನು ನೋಡುತ್ತ ಕೂತರೆ ನನಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಅವು ಇಷ್ಟು ಸಂತೋಷ ಕೊಡುತ್ತವೆ. ನಾನು ಅವುಗಳಿಗೆ ಏನು ಕೊಡಲಿ?" ಎಂದು ಶಿಷ್ಯ ಕೇಳಿದ.

ಗುರು ಬಾಯೊಳಗಿನ ಎಲೆ ಅಡಿಕೆಯನ್ನು ಒಂದು ದವಡೆಗೆ ಸರಿಸಿದರು.

"ಕೊಡಲು ಹೋದವನೊಬ್ಬನ ಕತೆ ಇದೆ, ಕೇಳು ತಮ್ಮಾ" ಎಂದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅಂಥ ನೇಕಾರ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇಲ್ಲ. ಅವನು ನೇಯ್ದ ಸೀರೆಯ ಮೇಲೆ ಇರುವೆ ಹತ್ತಿದರೆ ಕಾಲು ನಿಲ್ಲದೆ ಜಾರಿ ಬೀಳುತ್ತಿತ್ತು. ಅವನ ಸೀರೆ ಉಟ್ಟ ಹೆಂಗಸು ಮಳೆಯಲ್ಲಿ ಸಂತೆಗೆ ಹೋದರೂ ಒಣ ಮೈಯಲ್ಲೇ ಮನೆಗೆ ಬರುತ್ತಿದ್ದಳು. ಎಳೆಯ ಮಾತಂತೂ ಕೇಳಲೇಬೇಡ. ಹುರಿ ಕೊಟ್ಟು, ಗಂಜಿ ಕುಡಿಸಿ, ಬಿಸಿಲಿಗೆ ಒಣಗಿಸಿದ ಅವನ ಒಂದೇ ಒಂದು ಎಳೆಗೆ ಊರಗೌಡರ ಹೋರಿಯನ್ನು ಕಟ್ಟಿದ್ದರಂತೆ. ಹೋರಿ ಜಗ್ಗಿತು. ಗೂಟ ಕಿತ್ತು ಬಂತು, ಎಳೆ ಹರಿಯಲಿಲ್ಲ. ಇದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ನೇಕಾರನೇ ಹೇಳುತ್ತಿದ್ದ, ಊರು ನಂಬಿಕೊಂಡಿತ್ತು. ನಂಬದೆ ಏನು ಮಾಡೀತು, ಹೋರಿ ಬಾಯಿಬಿಟ್ಟು ಸುಳ್ಳು ಅನ್ನುವಂತಿರಲಿಲ್ಲ.

ಅವನದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಅವನು ಕೂರುತ್ತಿದ್ದ. ಹಾಗೆ ಕೂತವನಿಗೆ ಬೆಳಕು ಬೀಳಲೆಂದು ಗೋಡೆಯಲ್ಲಿ ತಗ್ಗಿಗೆ ಒಂದು ಕಿಟಕಿ ಇಟ್ಟಿದ್ದರು. ಕಿಟಕಿಯ ಆಚೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಒಂದು ಮದರಂಗಿ ಗಿಡವಿತ್ತು.

ಮನೆಯಲ್ಲಿ ಇದ್ದವರು ಅವನು ಮತ್ತು ಅವನ ಅಕ್ಕ. ಅಕ್ಕನಿಗೆ ಗಂಡ ತೀರಿಕೊಂಡಿದ್ದ. ಅವಳು ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು, ಗಂಜಿ ಕಾಸುತ್ತಿದ್ದಳು, ಗಂಜಿಯ ಗಡಿಗೆ ತೊಳೆದ ನೀರನ್ನು ಮದರಂಗಿಯ ಬುಡಕ್ಕೆ ಚೆಲ್ಲುತ್ತಿದ್ದಳು. ಆ ಗಂಜಿಯ ಅಗುಳಿಗೆ ಗುಬ್ಬಿ ಬರುತ್ತಿದ್ದವು. ಗೊರವಂಕ ಬರುತ್ತಿದ್ದವು. ಬೆಳವ ಬಂದು, ಸಾಲ ಕೇಳಲು ಬಂದ ನೆಂಟನ ಹಾಗೆ, ದೂರದಲ್ಲೇ ನಿಂತು ಗೋಣು ಅಲ್ಲಾಡಿಸುತ್ತಿತ್ತು. ನೇಕಾರ ಎಲ್ಲವನ್ನೂ ನೋಡುತ್ತಿದ್ದ. ಹಕ್ಕಿ ಬಂದರೆ ಸಪ್ಪಳಕ್ಕೆ ಬೆದರೀತೆಂದು ಲಾಳಿಯನ್ನು ಅಲ್ಲೇ ನಿಲ್ಲಿಸುತ್ತಿದ್ದ. ಇದರಿಂದಾಗಿ ಆ ಊರಿನಲ್ಲಿ ಮದುವೆಗೆಂದು ಹೇಳಿದ ಸೀರೆ ಮದುವೆಗೆ ಬರುತ್ತಿರಲಿಲ್ಲ, ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಬರುತ್ತಿತ್ತು. ಆದರೂ ಜನ ಅವನ ಹತ್ತಿರವೇ ಹೇಳುತ್ತಿದ್ದರು. ಅಂಥ ಕೈ ಅದು.

ಎಲ್ಲ ಹಕ್ಕಿಗಳಿಗಿಂತ ಅವನಿಗೆ ಪಿಕಳಾರ ಹಕ್ಕಿಯ ಜೋಡಿಯೊಂದು ಹೆಚ್ಚು. ತಲೆಯ ಮೇಲೆ ಕರಿ ಜುಟ್ಟು, ಬಾಲದ ಬುಡದಲ್ಲಿ ಚೂರು ಕೆಂಪು.

"ನೋಡಕ್ಕಾ, ದೇವರೂ ದಡಿ ಹಾಕಿ ನೇಯ್ದಾನ" ಎನ್ನುತ್ತಿದ್ದ ಅವನು. "ಆದರ ದಡಿ ಸಣ್ಣದಾತು. ನನಗ ಕೇಳಿದ್ದರ ಇನ್ನೊಂದು ಬೆರಳು ಏರಿಸತಿದ್ದೆ."

ಆ ನೇಕಾರರ ಓಣಿಯಲ್ಲಿ ಒಂದು ಪದ್ಧತಿ ಇತ್ತು. ದಿನದ ನೇಯ್ಗೆ ಮುಗಿದ ಮೇಲೆ ಮಗ್ಗದ ಸುತ್ತ ತುಂಡು ಎಳೆ, ತುದಿ ಎಳೆ ಬಿದ್ದಿರುತ್ತವಲ್ಲ, ಅವನ್ನು ಹಾಗೇ ಗುಡಿಸಿ ಹೊರಗೆ ಹಾಕುವಂತಿರಲಿಲ್ಲ. ಮನೆಯ ಹೆಂಗಸರು ಅವನ್ನು ಮುಷ್ಟಿಯಲ್ಲಿ ಹಿಡಿದು, ಈಳಿಗೆಯ ಮುಂದೆ ಕೂತು, ಸೊಪ್ಪು ಹೆಚ್ಚಿದಂತೆ ಗೆಣ್ಣುದ್ದ ಹೆಚ್ಚಿ, ಆಮೇಲೆ ಹೊರಗೆ ಚೆಲ್ಲುತ್ತಿದ್ದರು. ಅಕ್ಕನೂ ಸಂಜೆ ಸಂಜೆ ಹೆಚ್ಚುತ್ತಿದ್ದಳು.

ಒಂದು ಸಂಜೆ ನೇಕಾರ ಕೇಳಿದ. "ಅಲ್ಲಕ್ಕಾ, ಕಸಾ ಆಗಿ ಹೋಗೋದನ್ನ ಇಷ್ಟು ನಾಜೂಕಾಗಿ ಯಾಕ ಹೆಚ್ಚತಿ?"

"ಅವ್ವ ಹೆಚ್ಚತಿದ್ದಳು."

"ಅವ್ವ ಯಾಕ ಹೆಚ್ಚತಿದ್ದಳು?"

"ಆಕಿ ಅವ್ವ ಹೆಚ್ಚತಿದ್ದಳು."

"ಆಕಿ?"

"ನೀನ ಹೋಗಿ ಕೇಳಿ ಬಾ. ಗೋರಿ ಊರ ಹೊರಗ ಐತಿ."

ನೇಕಾರ ನಕ್ಕ. ಆದರೆ ಮಾತು ಅವನ ತಲೆಯಲ್ಲಿ ಉಳಿಯಿತು. ಏಕೆಂದರೆ ಆ ದಿನಗಳಲ್ಲಿ ಪಿಕಳಾರ ಮದರಂಗಿ ಗಿಡದೊಳಗೆ ಗೂಡು ಕಟ್ಟಲು ತೊಡಗಿತ್ತು. ಅದು ಬುಡಕ್ಕೆ ಇಳಿದು ಅಕ್ಕ ಚೆಲ್ಲಿದ ತುಂಡು ಎಳೆಯನ್ನು ಕೊಕ್ಕಿನಲ್ಲಿ ಎತ್ತುತ್ತಿತ್ತು. ಗೆಣ್ಣುದ್ದದ ತುಂಡು. ಒಂದು ಒಯ್ದು, ಮತ್ತೆ ಬಂದು, ಮತ್ತೊಂದು ಒಯ್ಯುತ್ತಿತ್ತು. ಅದನ್ನು ನೋಡಿ ನೇಕಾರನಿಗೆ ನಾಚಿಕೆಯಾಯಿತು. ನನ್ನ ಮನೆಯ ಅಂಗಳದಲ್ಲಿ, ನನ್ನ ಕಿಟಕಿಯ ಮುಂದೆ, ಈ ಹಕ್ಕಿ ತಿರುಪೆ ಎತ್ತುತ್ತಿದೆಯಲ್ಲ ಎಂದುಕೊಂಡ.

"ಅಕ್ಕಾ, ಇವತ್ತಿನಿಂದ ಈಳಿಗಿ ಕಾಯಿಪಲ್ಲೆಕ್ಕ ಇರಲಿ" ಎಂದ.

"ಅವ್ವ..."

"ಅವ್ವ ಹಕ್ಕೀನ ನೋಡ್ಯಾಳೇನು? ಮಗ್ಗದ ಕಡೆ ಬೆನ್ನು ಹಾಕಿ ಒಲಿ ಊದತಿದ್ದಳು. ನಾ ದಿನಾ ನೋಡತೀನಿ. ಅದಕ ಏನು ಬೇಕು ಅನ್ನೋದು ನನಗ ಗೊತ್ತು."

ಅಕ್ಕನಿಗೂ ಕಾರಣ ಗೊತ್ತಿರಲಿಲ್ಲ. ಈಳಿಗೆಯನ್ನು ಮಡಚಿ ಮೂಲೆಗೆ ಇಟ್ಟಳು.

ನೇಕಾರ ತುದಿ ಎಳೆಯನ್ನು ಕೊಡಲಿಲ್ಲ. ಕೊಡುವುದೇ ಆದರೆ ಕೈ ಬಿಚ್ಚಿ ಕೊಡಬೇಕು. ಮದುಮಗಳ ಸೀರೆಯ ದಡಿಗೆಂದು ಇಟ್ಟಿದ್ದ ಕೆಂಪು ರೇಷ್ಮೆಯ ಲಡಿಯಿಂದ ಮಾರುದ್ದ ಎಳೆಗಳನ್ನು ತೆಗೆದು ಗಿಡದ ಟೊಂಗೆಗೆ ಇಳಿಬಿಟ್ಟ. ಹಕ್ಕಿ ಅರ್ಧ ದಿನ ದೂರ ಕೂತಿತ್ತು. ಆಮೇಲೆ ಬಂದು ಒಂದು ಎಳೆ ಎಳೆದುಕೊಂಡು ಹೋಯಿತು. ಆ ಎಳೆ ಅದರ ಹಿಂದೆ ಗಾಳಿಯಲ್ಲಿ ಉದ್ದಕ್ಕೆ ಹಾರುತ್ತಿದ್ದುದನ್ನು ಕಂಡು ಅವನು ಕುಣಿಯಿಂದ ಎದ್ದು ನಿಂತುಬಿಟ್ಟ. ಹಕ್ಕಿ ಅದನ್ನು ಗೂಡಿಗೆ ಸುತ್ತಿತು. ಇನ್ನೊಂದು ಒಯ್ದಿತು. ಅದನ್ನೂ ಸುತ್ತಿತು.

ಗೂಡು ಮುಗಿದಾಗ ಬೆಳಗಿನ ಬಿಸಿಲಿಗೆ ಅದು ಮದುವೆಮನೆಯ ಕಳಸದಂತೆ ಹೊಳೆಯುತ್ತಿತ್ತು. ಓಣಿಯ ಜನ ನೋಡಲು ಬಂದರು. ಪಕ್ಕದ ಓಣಿಯವರೂ ಬಂದರು. ಮೂರು ಹರದಾರಿ ಆಚೆಯ ಗುಡ್ಡದಿಂದಲೂ ಅದರ ಹೊಳಪು ಕಾಣುತ್ತದೆಂದು, ಕುರಿ ಕಾಯುವವರು ಅದನ್ನು ನೋಡಿ ದಾರಿ ಹಿಡಿಯುತ್ತಾರೆಂದು ನೇಕಾರ ಹೇಳಿದ. ಎದುರು ಮನೆಯ ನೇಕಾರ ಬಗ್ಗಿ ಗೂಡನ್ನು ನೋಡಿದ. "ಬ್ಯಾಸರ ಮಾಡಿಕೋಬ್ಯಾಡ ದೋಸ್ತಾ, ನಿನಗಿಂತ ಇದರ ನೇಯ್ಗಿ ಬಿಗಿ ಐತಿ" ಎಂದ.

"ಕೈ ಹಕ್ಕೀದು, ಎಳಿ ನಂದು" ಎಂದ ನೇಕಾರ. "ಹೋರಿ ಜಗ್ಗಿದರೂ ಹರಿಯೋದಿಲ್ಲ. ಅರಸನ ಮಗನಿಗೂ ಇಂಥಾ ತೊಟ್ಟಿಲ ಸಿಕ್ಕಿರಲಿಕ್ಕಿಲ್ಲ."

ಅವನು ಸುಳ್ಳು ಹೇಳುತ್ತಿದ್ದಾಗಲೂ ಅವನ ಸಂತೋಷ ಸುಳ್ಳಾಗಿರಲಿಲ್ಲ. ಇದನ್ನು ನೀನು ನೆನಪಿಡಬೇಕು. ಹಕ್ಕಿ ಮೊಟ್ಟೆ ಇಟ್ಟು ಕಾವಿಗೆ ಕೂತಾಗ ಅವನು ಬಾಯಿಮಾತನ್ನೂ ಮೆಲ್ಲಗೆ ಆಡಿದ. ಮರಿಗಳು ಬಂದಾಗ ಅಕ್ಕನಿಗೆ ಹೇಳಿ ಪಾಯಸ ಮಾಡಿಸಿದ. ಎರಡು ಮರಿ. ಮೈಮೇಲೆ ಪುಕ್ಕವಿಲ್ಲ, ಕಣ್ಣಿಲ್ಲ, ಬರೀ ಬಾಯಿ. ತಾಯಿಹಕ್ಕಿ ಹುಳ ತರುವುದನ್ನು, ಬಾಯಿಂದ ಬಾಯಿಗೆ ಇಡುವುದನ್ನು ಅವನು ಕಣ್ಣು ಮಿಟುಕಿಸದೆ ನೋಡಿದ. ಬೆಕ್ಕು ಬಂದರೆ ಓಡಿಸಿದ. ಮಕ್ಕಳಿಲ್ಲದ ಮನೆ ಅದು. ಅವನಿಗೆ ಆ ಗೂಡಿನ ಹೊರತು ಬೇರೆ ಲೋಕ ಉಳಿಯಲಿಲ್ಲ.

ಮರಿಗಳಿಗೆ ಪುಕ್ಕ ಬಂತು. ಒಂದು ಬೆಳಿಗ್ಗೆ ಒಂದು ಮರಿ ಗೂಡಿನ ಅಂಚಿಗೆ ಬಂದು, ಮೈ ಒದರಿ, ಟೊಂಗೆಗೆ ಹಾರಿತು. ಟೊಂಗೆಯಿಂದ ಗೋಡೆಗೆ ಹಾರಿತು. ಇನ್ನೊಂದು ಮರಿ ಹಾರಲಿಲ್ಲ. ಅಂಚಿಗೆ ಬರುತ್ತಿತ್ತು, ರೆಕ್ಕೆ ಬಡಿಯುತ್ತಿತ್ತು, ಹಿಂದಕ್ಕೆ ಗೂಡಿನೊಳಗೆ ಬೀಳುತ್ತಿತ್ತು. ಮತ್ತೆ ಬರುತ್ತಿತ್ತು, ಮತ್ತೆ ಬೀಳುತ್ತಿತ್ತು. ತಾಯಿಹಕ್ಕಿ ಗೋಡೆಯ ಮೇಲೆ ಕೂತು ಕೂಗುತ್ತಿತ್ತು.

ನೇಕಾರ ಎದುರು ಮನೆಯವನನ್ನು ಕರೆದು ತೋರಿಸಿದ. "ನೋಡೋ, ತವರು ಬಿಟ್ಟು ಹೋಗವಲ್ದು."

"ಹೆಂಗ ಹೋದೀತು? ರೇಷ್ಮಿ ಹಾಸಿಗಿ ಹಾಸಿ ಕೆಡಿಸೀಯಲ್ಲ" ಎಂದ ಅವನು.

ಇಬ್ಬರೂ ನಕ್ಕರು. ಆ ಮಾತು ನೇಕಾರನಿಗೆ ಬಹಳ ಹಿಡಿಸಿತು. ಆ ದಿನವೆಲ್ಲ ಮಗ್ಗ ನಡೆಯಲಿಲ್ಲ. ಮರಿ ಬೀಳುವುದನ್ನು, ಏಳುವುದನ್ನು ನೋಡುತ್ತ ಕೂತ. ಬಿದ್ದಾಗಲೆಲ್ಲ ನಕ್ಕ. ಎದ್ದಾಗಲೆಲ್ಲ, "ಹಾಂ, ಈಗ ಹಾರು ಮಗನ" ಎಂದ.

ಮರುದಿನ ಬೆಳಿಗ್ಗೆ ಮರಿ ಗೂಡಿನಿಂದ ಕೆಳಗೆ, ತಲೆ ಕೆಳಗಾಗಿ ತೂಗುತ್ತಿತ್ತು. ಒಂದು ರೆಕ್ಕೆ ಬಿಚ್ಚಿತ್ತು.

ನೇಕಾರ ಹೊರಗೆ ಓಡಿದ. ಟೊಂಗೆ ಸರಿಸಿ ನೋಡಿದ. ಮರಿಯ ಕಾಲಿಗೆ ಕೆಂಪು ಎಳೆ ಸುತ್ತಿಕೊಂಡಿತ್ತು. ಒಂದು ಸುತ್ತಲ್ಲ. ಮರಿ ಕಣ್ಣು ತೆರೆಯುವ ಮೊದಲೇ ಮೊದಲನೆಯ ಸುತ್ತು ಬಿದ್ದಿರಬೇಕು. ಅದು ಬೆಳೆದಷ್ಟೂ ಎಳೆ ಬಿಗಿದಿತ್ತು. ಅದು ಹಾರಲು ನೋಡಿದಾಗಲೆಲ್ಲ ಇನ್ನಷ್ಟು ಬಿಗಿದಿತ್ತು. ಕಾಲು ಕಪ್ಪಾಗಿ, ಒಣಗಿ, ಎಳೆಯಷ್ಟೇ ತೆಳ್ಳಗಾಗಿತ್ತು.

ಕತ್ತಲಲ್ಲೂ ಹರಿದ ಎಳೆಗೆ ಗಂಟು ಹಾಕುತ್ತಿದ್ದ ಬೆರಳುಗಳು ಅವನವು. ಬಿಡಿಸಲು ಗಂಟು ಹುಡುಕಿದ. ಗಂಟು ಇರಲಿಲ್ಲ, ಬರೀ ಸುತ್ತು. ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿದ. ಹರಿಯಲಿಲ್ಲ. ಹಲ್ಲಿಗೆ ಕೊಟ್ಟು ಜಗ್ಗಿದ. ಹರಿಯಲಿಲ್ಲ.

ಅಕ್ಕ ಮೂಲೆಯಿಂದ ಈಳಿಗೆ ತಂದಳು. ಅದರ ಅಲಗಿಗೆ ಒತ್ತಿ ಎಳೆಯನ್ನು ಕೊಯ್ದರು. ಮರಿ ಅವನ ಅಂಗೈಗೆ ಬಂತು. ಕಾಲು ಎಳೆಯ ಜೊತೆ ಗೂಡಿನಲ್ಲಿ ಉಳಿಯಿತು.

ಮರಿ ಇನ್ನೂ ಬೆಚ್ಚಗಿತ್ತು. ತಾಯಿಹಕ್ಕಿ ಬಾಯಲ್ಲಿ ಹಸಿರು ಹುಳ ಹಿಡಿದು ಗೋಡೆಯಿಂದ ಗಿಡಕ್ಕೆ, ಗಿಡದಿಂದ ಕಿಟಕಿಗೆ ಬಂತು. ನೇಕಾರ ಅಂಗೈ ಚಾಚಿದ. ಅದು ಹತ್ತಿರ ಬರಲಿಲ್ಲ. ಅವನು ಮರಿಯನ್ನು ಗೂಡಿನಲ್ಲಿ ಇಟ್ಟು ದೂರ ಸರಿದ. ಆಗ ಬಂತು. ಹುಳವನ್ನು ಮರಿಯ ಬಾಯಿಗೆ ಹಿಡಿಯಿತು. ಮರಿ ಬಾಯಿ ತೆರೆಯಲಿಲ್ಲ. ಹಕ್ಕಿ ಹುಳವನ್ನು ತಾನು ತಿನ್ನಲಿಲ್ಲ, ಚೆಲ್ಲಲೂ ಇಲ್ಲ. ಬಾಯಲ್ಲಿ ಹಿಡಿದುಕೊಂಡೇ ಅಂಚಿನ ಮೇಲೆ ಕೂತಿತ್ತು. ಕೊನೆಗೆ ಅದು ಆ ಹುಳವನ್ನು ಏನು ಮಾಡಿತೋ ನೇಕಾರನಿಗೆ ತಿಳಿಯಲಿಲ್ಲ. ಅಲ್ಲಿಯವರೆಗೆ ಎಲ್ಲವನ್ನೂ ನೋಡಿದ್ದವನು ಅದೊಂದನ್ನು ನೋಡಲಾರದೆ ಗೋಡೆಯ ಕಡೆ ತಿರುಗಿ ಕೂತ.

"ಅವ್ವಗ ಗೊತ್ತಿತ್ತೇನೋ" ಎಂದಳು ಅಕ್ಕ.

"ಗೊತ್ತಿದ್ದರ ಹೇಳತಿದ್ದಳು."

"ಯಾಕ ಹೇಳಬೇಕು? ಹೆಚ್ಚತಿದ್ದಿವಲ್ಲ."

ಅಂದಿನಿಂದ ನೇಕಾರ ತಾನೇ ಈಳಿಗೆಯ ಮುಂದೆ ಕೂತ. ಗಂಡಸು ಈಳಿಗೆಯ ಮುಂದೆ ಕೂರುವುದನ್ನು ಕಂಡು ಓಣಿ ನಕ್ಕಿತು. ಅವನು ಬಾಗಿದ ತಲೆ ಎತ್ತಲಿಲ್ಲ. ತನ್ನ ಮನೆಯದು ಮುಗಿದ ಮೇಲೆ ಓಣಿಯ ಉದ್ದಕ್ಕೂ ನಡೆದು, ಯಾರ ಮನೆಯ ಮುಂದೆ ಉದ್ದ ಎಳೆ ಬಿದ್ದಿದ್ದರೂ ಬಗ್ಗಿ ಎತ್ತಿಕೊಂಡು ಬರುತ್ತಿದ್ದ. "ಕಸಾ ಆರಿಸಿ ಸೀರಿ ನೇಯತಿ ಏನೋ?" ಎಂದು ಕೇಳುವವರು ಕೇಳಿದರು. ಮೊದಲಿನ ನೇಕಾರನಾಗಿದ್ದರೆ, ಹೌದು, ಆ ಸೀರೆ ಉಟ್ಟವಳು ಮುದುಕಿಯಾಗುವುದೇ ಇಲ್ಲ ಎನ್ನುತ್ತಿದ್ದ. ಈಗ ಸುಮ್ಮನೆ ನಡೆದ. ಬೇಸಿಗೆಯಲ್ಲಿ ಒಡೆದ ಗಡಿಗೆಯ ತಳದಲ್ಲಿ ನೀರು ತುಂಬಿ ಗಿಡದ ನೆರಳಿಗೆ ಇಟ್ಟ. ಹಕ್ಕಿ ಗೂಡು ಕಟ್ಟುವ ಕಾಲಕ್ಕೆ ಮದರಂಗಿಯ ಟೊಂಗೆ ಕಡಿಯಲು ಯಾರಿಗೂ ಬಿಡಲಿಲ್ಲ. ಹಬ್ಬಕ್ಕೆ ಕೈಗೆ ಹಚ್ಚಿಕೊಳ್ಳಲು ಸೊಪ್ಪು ಕೇಳಿ ಬಂದ ಹುಡುಗಿಯರು ಬೈದುಕೊಂಡು ಹೋದರು.

ಪರ ಊರಿನವರು ಬಂದರೆ ಹೋರಿಯ ಕತೆ ಕೇಳುತ್ತಿದ್ದರು. ನಿಜವಾಗಿಯೂ ನಿನ್ನ ಎಳೆ ಹರಿಯಲಿಲ್ಲವೇನು ಎನ್ನುತ್ತಿದ್ದರು.

"ಹರೀಬೇಕಿತ್ತಪ್ಪ" ಎನ್ನುತ್ತಿದ್ದ.

ಎಳೆ ಕೊಟ್ಟದ್ದನ್ನು ಅವನು ಹೇಗೋ ಸಹಿಸಿಕೊಂಡ. ತಿಳಿಯದೆ ಮಾಡಿದ್ದು ಅದು. ಒಂದು ಇಡೀ ದಿನ ಮರಿ ಬಿಡಿಸಿಕೊಳ್ಳಲು ಒದ್ದಾಡಿತ್ತು, ತಾಯಿ ಕೂಗಿ ಕೂಗಿ ಹೇಳಿತ್ತು, ತಾನು ಕಣ್ಣು ಮಿಟುಕಿಸದೆ ನೋಡುತ್ತ ನಕ್ಕಿದ್ದ. ಅದನ್ನು ಅವನು ಸಾಯುವವರೆಗೂ ನುಂಗಲಾರದೆ ಹೋದ. ಒಮ್ಮೊಮ್ಮೆ ಲಾಳಿ ನಿಲ್ಲಿಸಿ ಕಿಟಕಿಯ ಕಡೆ ನೋಡುತ್ತಿದ್ದ. ಮದರಂಗಿ ಹೂ ಬಿಡುತ್ತಿತ್ತು, ಉದುರಿಸುತ್ತಿತ್ತು. ಟೊಂಗೆಗಳ ನಡುವೆ ಬರೀ ಬೆಳಕು.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಮೆಲ್ಲಗೆ ಕೇಳಿದ. "ಆ ಪಿಕಳಾರ ಮತ್ತೆ ಎಂದಾದರೂ ಗೂಡು ಕಟ್ಟಿತೇ ಗುರುಗಳೇ?"

"ಕಟ್ಟಿತಪ್ಪ, ಅವನು ಹೆಚ್ಚಿ ಚೆಲ್ಲಿದ ತುಂಡುಗಳಿಂದಲೇ ಕಟ್ಟಿತು, ಅವನಿಗೆ ಕಾಣದ ಬೇಲಿಯಲ್ಲಿ."