ಹೊಗೆಯೋ, ಮಂಜೋ?

ಇದನ್ನು ನನಗೆ ಮೊದಲು ಹೇಳಿದ್ದು, ಮೇಲಿಂಗ್ ಲಿಸ್ಟ್ ಎಂಬ ಇಮೇಲ್ ಗುಂಪುಗಳ ವಾದಗಳಲ್ಲೇ ಕೂದಲು ನರೆಸಿಕೊಂಡ ಇಂಟರ್ನೆಟ್ ಎಂಜಿನಿಯರ್ ಗೆಳತಿ ಪಂಕಜಾಕ್ಷಿ.

ಗೂಡಿನ ಬಾಗಿಲು ಎಷ್ಟು ಅಗಲವಿರಬೇಕೆಂದು ಜೇನುಹುಳುಗಳು ಚರ್ಚಿಸುತ್ತಿದ್ದವು. ಕಾವಲಿನ ಹುಳು ಧಾವಿಸಿ ಬಂತು. "ಕೆಳಗಿಂದ ಹೊಗೆ ಬರ್ತಿದೆ! ರಾಣಿಯನ್ನು ಕರೆದುಕೊಂಡು ಹೊರಡೋಣ!"

"ತಾಯೀ, ಇಲ್ಲಿನ ವಿಷಯ ಬಾಗಿಲು. ಹೊಗೆಯ ವಿಷಯವನ್ನು ಬೇರೆಯಾಗಿ ಎತ್ತಿ," ಎಂದಿತು ಹಿರಿಯ ಹುಳು.

ಕಾವಲಿನ ಹುಳು ಬೇರೆಯಾಗಿಯೇ ಎತ್ತಿತು.

"ಹೊಗೆಯೋ, ಮಂಜೋ? ಮೊದಲು ವ್ಯಾಖ್ಯೆ ಕೊಡಿ," ಎಂದಿತು ಇನ್ನೊಂದು.

"ಉಸಿರು ಕಟ್ಟುತ್ತಿದೆಯಲ್ಲ, ಸಾಲದೇ?"

"ನನ್ನ ಮೂಲೆಯಲ್ಲಿ ಎಲ್ಲ ಸರಿಯಾಗಿದೆಯಪ್ಪ," ಎಂದಿತು ಮತ್ತೊಂದು.

ಕೊನೆಗೆ ಹಿರಿಯ ಹುಳು, "ಇದು ಹೊಗೆಯೇ ಎಂದು ಒಪ್ಪುವವರು ಗುಂಯ್‌ಗುಡಿ," ಎಂದಿತು.

ಇಡೀ ಗೂಡು ಒಮ್ಮತದಿಂದ ಗುಂಯ್‌ಗುಟ್ಟಿತು. ಹೊಗೆಯಲ್ಲಿ ಗೂಡು ಕಾಣದೆ ತಡಕಾಡುತ್ತಿದ್ದ, ಜೇನು ಕೀಳಲು ಬಂದಿದ್ದ ಪಂಜಿನವನು ಆ ಸದ್ದಿನತ್ತ ಕೈ ಚಾಚಿದ.

ನಿಮ್ಮ ಗುಂಪಿಗೂ ಇದನ್ನು ಕಳಿಸಿಬಿಡಿ. ತಲೆಬರಹ ಏನಿಡೋಣ ಅಂತ ಮಾತ್ರ ಯಾರನ್ನೂ ಕೇಳಬೇಡಿ.