ಒಂದು ಉಸಿರಿನ ತಿದ್ದುಪಡಿ

ಕಪಿಲಾ ನದಿಯ ದಂಡೆಯಲ್ಲೊಂದು ಆಶ್ರಮ. ಆಶ್ರಮವೆಂದ ಕೂಡಲೇ ಕಾವಿ, ಕಮಂಡಲ, ಹೋಮದ ಹೊಗೆ ಎಂದೆಲ್ಲ ಊಹಿಸಿಕೊಂಡರೆ ಮೋಸ ಹೋಗುತ್ತೀರಿ. ಅಲ್ಲಿದ್ದದ್ದು ಒಂದು ಹೆಂಚಿನ ಚಾವಡಿ, ನಾಲ್ಕಾರು ಲ್ಯಾಪ್‌ಟಾಪು, ಮತ್ತೆ ಸುಭದ್ರಮ್ಮ ಎಂಬ ಗುರು.

ಸುಭದ್ರಮ್ಮ ಬಹಳ ಹಿಂದೆ ‘ಜಾಡು’ ಎಂಬ ಸಾಫ್ಟ್‌ವೇರ್ ಬರೆದಿದ್ದರು. ಹತ್ತಾರು ಜನ ಸೇರಿ ಒಂದೇ ಕೋಡ್ ಬರೆಯುವಾಗ ಯಾರು ಯಾವ ಸಾಲನ್ನು ಬದಲಿಸಿದರು, ಯಾಕೆ ಬದಲಿಸಿದರು ಎಂಬುದನ್ನೆಲ್ಲ ಜಾಡು ನೆನಪಿಟ್ಟುಕೊಳ್ಳುತ್ತಿತ್ತು. ಏನಾದರೂ ಕೆಟ್ಟರೆ ಹಿಂದಿನ ಯಾವ ಹೆಜ್ಜೆಗೆ ಬೇಕಾದರೂ ಮರಳಬಹುದಿತ್ತು. ಇಬ್ಬರ ಬರಹವನ್ನು ಬೆಸೆದು ಒಂದು ಮಾಡುವುದೂ ಅದರ ಕೆಲಸವೇ.

ಅದಕ್ಕೆ ಬೆಲೆ ಇಲ್ಲ, ಬೀಗವೂ ಇಲ್ಲ. ಯಾರು ಬೇಕಾದರೂ ಜಾಡಿನ ಕೋಡನ್ನೇ ತೆರೆದು ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಆಶ್ರಮಕ್ಕೆ ತಂದು ಒಪ್ಪಿಸಬಹುದು.

ಒಪ್ಪಿಸುವುದಕ್ಕೆ ಮಾತ್ರ ಒಂದು ಪದ್ಧತಿ ಇತ್ತು. ತಂದವರು ನದಿಯ ಮೆಟ್ಟಿಲ ಮೇಲೆ ನಿಂತು, ಬದಲಿಸಿದ್ದೇನು, ಯಾಕೆ ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳಬೇಕು. ನಡುವೆ ಉಸಿರು ಎಳೆದುಕೊಂಡರೆ ತಿದ್ದುಪಡಿ ವಾಪಸ್ಸು. ದೂರದ ಊರಿನವರಿಗೆ ಫೋನಿನಲ್ಲೂ ಇದೇ ಶಿಕ್ಷೆ.

ಇಂಥ ನಿಧಾನದ ಜಾಗಕ್ಕೆ ಇಂದುಧರ ಬಂದ. ಕಾಲಿಗೆ ಚಕ್ರ ಕಟ್ಟಿಕೊಂಡ ಹುಡುಗ. ಊಟಕ್ಕೆ ಕೂತರೂ ಒಂದು ಮೊಣಕಾಲು ಅಲ್ಲಾಡುತ್ತಲೇ ಇರುತ್ತಿತ್ತು.

ಅವನ ಅವಸರಕ್ಕೆ ಕಾರಣವಿತ್ತು. ಅದನ್ನು ಹೇಳದೆ ಅವನನ್ನು ಆಡಿಕೊಂಡರೆ ನ್ಯಾಯವಲ್ಲ.

ಅವನ ಗೆಳತಿ ಚೆಲುವಾಂಬೆಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರ್ ಓದಿ ಹೇಳುವುದನ್ನು ಕೇಳಿಸಿಕೊಳ್ಳುತ್ತಲೇ ಕೋಡ್ ಬರೆಯುತ್ತಾಳೆ. ಕಣ್ಣಿಲ್ಲದವರಿಗೆ ಔಷಧಿ ಚೀಟಿಯನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಮ್ ಅವಳದು. ಒಮ್ಮೆ ಅವಳೂ ಜೊತೆಯವಳೊಬ್ಬಳೂ ಒಂದೇ ಜಾಗವನ್ನು ತಿದ್ದಿದರು. ಇಬ್ಬರದನ್ನೂ ಬೆಸೆಯುವಾಗ ಜಾಡು ಒಂದು ಸಾಲನ್ನು ಸದ್ದಿಲ್ಲದೆ ನುಂಗಿತು. ‘ಅರ್ಧ ಮಾತ್ರೆ’ ಎಂದು ಓದಬೇಕಾದ ಪ್ರೋಗ್ರಾಮ್ ಬರೀ ‘ಮಾತ್ರೆ’ ಎಂದು ಓದಿತು. ಮುದುಕರೊಬ್ಬರು ಇಡೀ ಮಾತ್ರೆ ನುಂಗಿ ತಲೆಸುತ್ತಿ ಬಿದ್ದರು. ಬದುಕಿಕೊಂಡರು, ಪುಣ್ಯ.

“ನಿಮಗಾದ್ರೆ ಸಾಲು ಹೋಗಿರೋದು ಕಣ್ಣಿಗೆ ಬೀಳುತ್ತೆ. ಇಲ್ಲದೇ ಇರೋದು ನನಗೆ ಹೇಗೆ ಕೇಳಿಸ್ಬೇಕು, ಇಂದು?” ಅಂದಿದ್ದಳು ಚೆಲುವಾಂಬೆ. ಅವತ್ತಿನಿಂದ ಪ್ರೋಗ್ರಾಮನ್ನು ಯಾರಿಗೂ ಕೊಡದೆ ನಿಲ್ಲಿಸಿದ್ದಳು.

“ಜಾಡನ್ನ ನಾನು ಸರಿ ಮಾಡ್ತೀನಿ” ಎಂದು ಮಾತು ಕೊಟ್ಟು ಇಂದುಧರ ಬಂದಿದ್ದ.

ಬಂದವನ ಸಹನೆ ಬೇಗನೆ ಕೆಟ್ಟಿತು. ಒಂದು ಬೆಳಗ್ಗೆ ಹಿರಿಯ ಶಿಷ್ಯ ಮರಿಸಿದ್ದ ಮೆಟ್ಟಿಲ ಮೇಲೆ ನಿಂತು, “ಫೈಲ್ ಸಿಗದಿದ್ರೆ ಬರೀ ‘ತಪ್ಪಾಗಿದೆ’ ಅಂತ ಬರ್ತಿತ್ತಮ್ಮ, ಈಗ ಯಾವ ಫೈಲ್ ಅಂತ ಹೆಸರೂ ಬರೋ ಹಾಗೆ ಮಾಡಿದ್ದೀನಿ” ಅಂದ. ಅಷ್ಟೇ. ಅಷ್ಟಕ್ಕೇ ಸುಭದ್ರಮ್ಮ ಕನ್ನಡಕ ಒರೆಸಿಕೊಂಡು, ಬದಲಾದ ಸಾಲನ್ನು ಮೇಲಿಂದ ಕೆಳಗೆ ಒಮ್ಮೆ, ಕೆಳಗಿಂದ ಮೇಲೆ ಒಮ್ಮೆ ಓದಿ ಜಾಡಿನೊಳಗೆ ಬಿಟ್ಟುಕೊಂಡರು.

“ಇಷ್ಟಕ್ಕೆ ಒಂದು ಬೆಳಗ್ಗೆ ಬೇಕಾ?” ಅಂದ ಇಂದುಧರ.

“ತಾಳಿದವನು ಬಾಳಿಯಾನು ಕಣಪ್ಪ” ಅಂದ ಮರಿಸಿದ್ದ.

“ನೀವು ತಾಳ್ತಾ ಕೂತ್ರೆ ಅಲ್ಲಿ ಚೀಟಿ ಓದೋರಿಲ್ಲದೆ ಜನ ಕೂತಿರ್ತಾರೆ.”

ಅವನು ಹೋಗಿ ಜಾಡಿನ ಕೋಡ್ ತೆರೆದ. ಬೆಸೆಯುವ ಭಾಗ ಸಿಕ್ಕಿತು. ಆದರೆ ಅಲ್ಲಿನ ಹೆಸರುಗಳು ಅವನಿಗೆ ಹಿಡಿಸಲಿಲ್ಲ, ಬದಲಿಸಿದ. ಸಾಲುಗಳ ಜೋಡಣೆ ಒಪ್ಪ ಇರಲಿಲ್ಲ, ಓರಣ ಮಾಡಿದ. ಒಂದು ಭಾಗ ನಿಧಾನ ಅನ್ನಿಸಿತು, ಕಿತ್ತು ಹೊಸದಾಗಿ ಬರೆದ. ಅದು ಬದಲಾದ ಮೇಲೆ ಪಕ್ಕದ್ದು ಹಳೆಯದಾಗಿ ಕಂಡಿತು, ಅದನ್ನೂ ಬರೆದ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಅನ್ನುತ್ತಾರಲ್ಲ, ಹಾಗೆ. ಇಲಿ ಸಿಕ್ಕಿತು, ನಿಜ. ಅಷ್ಟರಲ್ಲಿ ಬೆಟ್ಟ ಇರಲಿಲ್ಲ.

ಮೆಟ್ಟಿಲ ಮೇಲೆ ನಿಂತು ಹೇಳತೊಡಗಿದ. ಅರ್ಧಕ್ಕೇ ಮುಖ ಕೆಂಪಾಯಿತು, ಉಸಿರು ತಪ್ಪಿತು.

“ಒಡೆದು ಒಂದೊಂದಾಗಿ ತಗೊಂಡು ಬಾ” ಅಂದರು ಸುಭದ್ರಮ್ಮ.

“ಆಗಲ್ಲಮ್ಮ. ಎಲ್ಲಾ ಒಂದಕ್ಕೊಂದು ಹೆಣೆದುಕೊಂಡಿದೆ.”

“ಹೆಣೆದೋನು ಯಾರು?”

ಅವನು ಲ್ಯಾಪ್‌ಟಾಪು ಎತ್ತಿಕೊಂಡು ಹೋದ.

ಇಲ್ಲಿ ನೋಡಿ ಅವನ ಬುದ್ಧಿ. ತಿದ್ದುಪಡಿಯನ್ನು ಚಿಕ್ಕದು ಮಾಡುವುದು ಬಿಟ್ಟು ಉಸಿರನ್ನು ದೊಡ್ಡದು ಮಾಡಲು ಹೊರಟ. ದಿನಾ ನದಿಯಲ್ಲಿ ಮುಳುಗಿ ತಳದ ಕಲ್ಲು ಹಿಡಿದು ಕೂರುತ್ತಿದ್ದ. ಬಟ್ಟೆ ಒಗೆಯಲು ಬಂದ ಹೆಂಗಸರು ಹುಡುಗ ಮುಳುಗಿಹೋದನೆಂದು ಎರಡು ಸಲ ಗಾಬರಿಯಾದರು. ಸಂಜೆ ಹೊತ್ತು ಚಾವಡಿಯ ಹಿಂದೆ ನಿಂತು ತನ್ನ ವಿವರಣೆಯನ್ನು ಮಗ್ಗಿಯ ಹಾಗೆ ಉರು ಹೊಡೆಯುತ್ತಿದ್ದ.

ಮತ್ತೆ ಮೆಟ್ಟಿಲ ಮೇಲೆ ನಿಂತ. ಹೇಳಿದ. ಹೆಸರು, ಓರಣ, ವೇಗ, ಬೆಸುಗೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ, ಕಣ್ಣು ಮೇಲೆ ಹೋಗುವ ತನಕ ಹೇಳಿ ಮುಗಿಸಿದ.

ಸುಭದ್ರಮ್ಮ ನಕ್ಕರು. “ಪದ್ಧತಿ ಪದ್ಧತಿಯೇ. ಪರೀಕ್ಷೆಯ ಕವಲಿಗೆ, ಅಂದ್ರೆ ಜಾಡಿನ ಬೇರೊಂದು ಪ್ರತಿಗೆ, ಸೇರಿಸ್ತೀನಿ. ಬೇಕಾದೋರು ಬಳಸಿ ನೋಡ್ಲಿ.”

ಇಂದುಧರ ಅಲ್ಲಿಂದಲೇ ಚೆಲುವಾಂಬೆಗೆ ಫೋನ್ ಮಾಡಿದ. “ಆಯ್ತು, ಬಳಸು” ಅಂದ. ಅವತ್ತು ಅವನಿಗಾದಷ್ಟು ಸಂತೋಷ ಆಮೇಲೆ ಬಹಳ ದಿನ ಆಗಲಿಲ್ಲ.

ಎರಡೇ ದಿನಕ್ಕೆ ಅವಳ ಫೋನು ಬಂತು.

“ಇಂದು, ಮೊದಲು ಬರೆದದ್ದು ಹೋಗ್ತಿತ್ತು. ಈಗ ಅಳಿಸಿದ್ದೆಲ್ಲ ಎದ್ದು ಬಂದಿದೆ. ಹೋದ ವರ್ಷ ತೆಗೆದುಹಾಕಿದ ತಪ್ಪು ಲೆಕ್ಕ ಮತ್ತೆ ಓದ್ತಿದೆ. ಜನಕ್ಕಿನ್ನೂ ಕೊಟ್ಟಿರಲಿಲ್ಲ, ಬಚಾವಾದೆ.”

“ಇವತ್ತೇ ಹುಡುಕ್ತೀನಿ.”

ಇವತ್ತು ನಾಳೆಯಾಯಿತು. ನಾಳೆ ನಾಡಿದ್ದಾಯಿತು. ತಪ್ಪು ಅವನ ಕೈಗೆ ಸಿಗಲಿಲ್ಲ. ಅನ್ನ ಸೇರಲಿಲ್ಲ. ಚಾವಡಿಯಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ಚಾವಡಿಗೆ ಶತಪಥ ಹಾಕಿದ.

ಮರಿಸಿದ್ದನಿಗೆ ಪಾಪ ಅನ್ನಿಸಿತು. “ದಾರಿಯನ್ನ ಅರ್ಧ ಮಾಡಿ ನೋಡೋ” ಅಂದ. “ನಡುವಿನ ಹೆಜ್ಜೆಗೆ ಹೋಗು. ಅಲ್ಲಿ ಜಾಡು ಸರಿಯಾಗಿದ್ರೆ ತಪ್ಪು ಮುಂದಿದೆ. ಅಲ್ಲೂ ಕೆಟ್ಟಿದ್ರೆ ಹಿಂದಿದೆ. ಮತ್ತೆ ಅರ್ಧ ಮಾಡು. ಹಾಗೇ ಮಾಡ್ತಾ ಹೋದ್ರೆ ಎಡವಿದ ಹೆಜ್ಜೆ ತಾನಾಗೇ ಸಿಗುತ್ತೆ. ನಾವೆಲ್ಲ ಹಾಗೇ ಹುಡುಕೋದು.”

ಇಂದುಧರ ಜಾಡು ತೆರೆದ. ತನ್ನ ಹೆಸರಿನ ಮುಂದೆ ನೋಡಿದ.

“ನಡುವಿನ ಹೆಜ್ಜೆ ಇಲ್ಲ” ಅಂದ.

“ಯಾಕಿಲ್ಲ?”

“ನಾನಿಟ್ಟಿದ್ದೇ ಒಂದು ಹೆಜ್ಜೆ.”

ಮರಿಸಿದ್ದ ಅವನ ಬೆನ್ನು ತಟ್ಟಿ ತನ್ನ ಕೆಲಸಕ್ಕೆ ಎದ್ದು ಹೋದ.

ಸಿಟ್ಟು ಯಾರ ಮೇಲಾದರೂ ತೀರಬೇಕಲ್ಲ. ಇಂದುಧರ ನೇರವಾಗಿ ಸುಭದ್ರಮ್ಮನ ಹತ್ತಿರ ಹೋದ. ಅವರು ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದರು.

“ಇದರಲ್ಲಿ ತಪ್ಪಿದೆ ಅಂತ ನಿಮಗೆ ಮೊದಲೇ ಗೊತ್ತಿತ್ತು. ನನಗೆ ಪಾಠ ಕಲಿಸೋಕೆ ಒಳಗೆ ಬಿಟ್ಟಿರಿ.”

“ಗೊತ್ತಿರಲಿಲ್ಲ.”

“ಓದಿದ್ರಿ ತಾನೆ?”

“ಒಂದಿಷ್ಟು ಓದಿದೆ. ಅಷ್ಟನ್ನೂ ಯಾರು ಓದ್ತಾರೆ? ಕಣ್ಣು ಸೋತ ಮೇಲೆ ನಿನ್ನ ಮುಖ ನೋಡಿದೆ. ಇಷ್ಟು ಕಷ್ಟಪಟ್ಟಿದ್ದಾನೆ, ಸರಿಯೇ ಇರುತ್ತೆ ಅಂದುಕೊಂಡೆ. ಮುಖ ನೋಡಿ ಮಣೆ ಹಾಕಿದ್ದು ನನ್ನ ತಪ್ಪು.” ಅವರು ಒಂದು ಕಾಯಿ ಮುರಿದರು. “ಇವತ್ತು ಬೆಳಗ್ಗೆ ನಿನ್ನ ತಿದ್ದುಪಡಿ ತೆಗೆದೆ.”

“ಪೂರ್ತಿನಾ?”

“ಅರ್ಧ ತೆಗೆಯೋಕೆ ಅದರಲ್ಲಿ ಅರ್ಧ ಇರಲಿಲ್ಲವಲ್ಲ.”

ಹಾಗಾದರೆ ಜಾಡು ಮತ್ತೆ ಸಾಲು ನುಂಗುತ್ತದೆ. ಕೊಟ್ಟ ಮಾತು ಎಲ್ಲಿತ್ತೋ ಅಲ್ಲೇ ಬಂದು ನಿಂತಿತು. ಇಂದುಧರನಿಗೆ ಅಳು ಬಂತು, ಅದಕ್ಕೇ ದನಿ ಏರಿಸಿದ.

“ನಾನು ಜಾಡನ್ನ ತಗೊಂಡು ಹೋಗ್ತೀನಿ. ನನ್ನದೇ ಬೇರೆ ಮಾಡ್ಕೊಳ್ತೀನಿ.”

“ತಗೊಂಡು ಹೋಗು. ಅದಕ್ಕೇ ತಾನೇ ಬೀಗ ಹಾಕದೆ ಇಟ್ಟಿರೋದು. ದಾರಿಗೆ ಬುತ್ತಿ ಕಟ್ಟಿಸ್ಲಾ?”

ಬೇಡ ಅಂತ ತಡೆಯುತ್ತಾರೆ ಎಂದುಕೊಂಡಿದ್ದ. ತಡೆಯಲಿಲ್ಲ. ತಡೆಯದೇ ಇದ್ದವರ ಜೊತೆ ಜಗಳ ಆಡುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

“ಹೋಗೋಕೆ ಮುಂಚೆ ಆ ಹುಡುಗಿಗೊಂದು ಫೋನ್ ಮಾಡು” ಅಂದರು ಸುಭದ್ರಮ್ಮ. “ಏನೇನು ಬದಲಿಸಿದೆ ಅಂತ ಅವಳಿಗೆ ಹೇಳು. ನನಗೆ ಹೇಳಿದ ಹಾಗಲ್ಲ. ಎಷ್ಟು ಉಸಿರು ಬೇಕಾದ್ರೂ ತಗೋ.”

ಅವನು ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದ.

“ಮೊದಲು ಹೆಸರುಗಳನ್ನ ಬದಲಿಸಿದೆ” ಅಂದ.

“ಯಾಕೆ?” ಅಂದಳು ಚೆಲುವಾಂಬೆ.

“ಹಳೇ ಹೆಸರು ಚೆನ್ನಾಗಿರಲಿಲ್ಲ.”

“ನನ್ನ ಸಾಲು ನುಂಗಿದ್ದು ಹೆಸರಾ?”

“ಅಲ್ಲ.”

“ಆಮೇಲೆ?”

“ಹೋಲಿಸಿ ನೋಡೋ ಭಾಗ ಹೊಸದಾಗಿ ಬರೆದೆ. ಮೊದಲಿಗಿಂತ ಬಹಳ ವೇಗ.”

“ನಾನು ನಿನ್ನ ವೇಗ ಕೇಳಿದ್ನಾ?”

ಅವನು ನೀರು ನೋಡಿದ. ಹೇಳಬೇಕಾದದ್ದು ಇನ್ನೂ ಬಹಳ ಇತ್ತು. ಒಂದೊಂದಕ್ಕೂ ಅವಳು ‘ಯಾಕೆ’ ಅನ್ನುತ್ತಾಳೆ ಎಂದು ಗೊತ್ತಾಯಿತು.

“ಇಂದು, ನನ್ನ ಸಾಲಿಗೋಸ್ಕರ ಏನು ಮಾಡಿದೆ, ಅದನ್ನ ಹೇಳು.”

“ಇಬ್ಬರೂ ಒಂದೇ ಜಾಗದಲ್ಲಿ ಬರೆದಾಗ ಜಾಡು ಎರಡನೆಯವರದನ್ನ ಬಿಟ್ಟುಬಿಡ್ತಿತ್ತು. ಬಿಡದ ಹಾಗೆ ಮಾಡಿದೆ.”

“ಅದು ಎಷ್ಟಿದೆ?”

“ನಾಲ್ಕೈದು ಸಾಲು.”

ಅವಳು ಮೆತ್ತಗೆ, “ಅಷ್ಟು ಕೊಡು ನನಗೆ. ಮಿಕ್ಕಿದ್ದು ನಿನಗೆ ಬೇಕಾಗಿದ್ದು” ಅಂದಳು.

ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇಂದುಧರನಿಗೆ ನಾಚಿಕೆಯಾಯಿತು, ಕಿವಿಯ ತುದಿಯ ತನಕ ನಾಚಿಕೆಯಾಯಿತು. ಅವಳ ಹೆಸರು ಹೇಳಿಕೊಂಡು ತಾನು ಇಡೀ ಮನೆ ಕೆಡವಿ ತನಗೆ ಬೇಕಾದ ಹಾಗೆ ಕಟ್ಟಿಕೊಳ್ಳುತ್ತಿದ್ದ.

ಬ್ಯಾಗು ಕಟ್ಟಲಿಲ್ಲ. ಮಿಕ್ಕಿದ್ದೆಲ್ಲ ಬಿಟ್ಟು ಆ ನಾಲ್ಕೈದು ಸಾಲನ್ನು ಮಾತ್ರ ಹಳೆಯ ಕೋಡಿಗೆ ಸೇರಿಸಿ, ಮಾರನೆಯ ಬೆಳಗ್ಗೆ ಮೆಟ್ಟಿಲ ಮೇಲೆ ನಿಂತ.

“ಇಬ್ಬರು ಒಂದೇ ಜಾಗದಲ್ಲಿ ಬರೆದಾಗ ಎರಡನೆಯವರ ಸಾಲು ಹೋಗ್ತಿತ್ತು, ಹೋಗದ ಹಾಗೆ ಮಾಡಿದ್ದೀನಿ” ಅಂದ. ಉಸಿರು ಇನ್ನೂ ಬೇಕಾದಷ್ಟು ಉಳಿದಿತ್ತು.

ಸುಭದ್ರಮ್ಮ ಕನ್ನಡಕ ಒರೆಸಿಕೊಂಡರು. ಮೇಲಿಂದ ಕೆಳಗೆ ಓದಿದರು. ಕೆಳಗಿಂದ ಮೇಲೆ ಓದುವಾಗ ಅವರ ಬೆರಳು ನಡುವೆ ನಿಂತಿತು.

“ಒಬ್ಬರು ಬೇಕಂತಲೇ ಅಳಿಸಿದ ಸಾಲಾದ್ರೆ?”

ಇಂದುಧರ ಬಗ್ಗಿ ನೋಡಿದ. ಯಾವ ಸಾಲನ್ನೂ ಬಿಡಬೇಡ ಎಂದು ಅವನು ಜಾಡಿಗೆ ಹೇಳಿದ್ದ. ಅದು ಪಾಪ, ಅಳಿಸಿದ್ದನ್ನೂ ಬಿಡದೆ ಹಿಡಿದುಕೊಂಡಿತ್ತು. ಅಷ್ಟು ದಿನ ಊಟ ಬಿಟ್ಟು ಹುಡುಕಿದ ತಪ್ಪು ಹೊಸದಾಗಿ ಕಟ್ಟಿದ ಕಡೆ ಎಲ್ಲೂ ಇರಲಿಲ್ಲ. ಅವಳಿಗಾಗಿ ಬರೆದ ಈ ಪುಟ್ಟ ಜಾಗದಲ್ಲೇ ಇತ್ತು.

“ಇಲ್ಲೇ ಇತ್ತಲ್ಲಮ್ಮ” ಅಂದ.

“ಹೂಂ. ಹೋಗಿ ತಿದ್ದಿಕೊಂಡು ಬಾ.”

ತಿದ್ದಿಕೊಂಡು ಬಂದ. ಅದಕ್ಕೂ ಒಂದು ಉಸಿರು ಸಾಕಾಯಿತು. ಮರಿಸಿದ್ದನೂ ಓದಿದ, ಚೆಲುವಾಂಬೆಯೂ ತನ್ನ ಕಂಪ್ಯೂಟರಿನಿಂದ ಓದಿಸಿ ಕೇಳಿದಳು. ಎಲ್ಲರಿಗೂ ಪೂರ್ತಿ ಓದುವಷ್ಟು ತಾಳ್ಮೆ ಈ ಸಲ ಇತ್ತು, ಯಾಕೆಂದರೆ ಓದುವುದಕ್ಕೆ ಅಷ್ಟೇ ಇತ್ತು.

ಪರೀಕ್ಷೆಯ ಕವಲಿನಲ್ಲಿ ಕೆಲವು ವಾರ ಕಳೆಯಿತು. ಆಮೇಲೊಂದು ಸಂಜೆ ಚೆಲುವಾಂಬೆ ಫೋನ್ ಮಾಡಿದಳು.

“ಹೋದದ್ದೂ ಇಲ್ಲ, ಎದ್ದು ಬಂದದ್ದೂ ಇಲ್ಲ. ‘ಅರ್ಧ ಮಾತ್ರೆ’ ಅಂತ ಸರಿಯಾಗಿ ಓದ್ತಿದೆ. ನಾಳೆಯಿಂದ ಜನಕ್ಕೆ ಕೊಡ್ತೀನಿ.”

ಮಾತು ಉಳಿಯಿತು. ಇಂದುಧರ ಹಗುರಾಗಬೇಕಿತ್ತು. ಆದರೆ ನಾಳೆ ಎಂದ ಕೂಡಲೇ ಯಾವುದೋ ಊರಿನಲ್ಲಿ ಯಾರೋ ಮಾತ್ರೆಯನ್ನು ಅಂಗೈಯಲ್ಲಿ ಹಿಡಿದು, ಆ ಪ್ರೋಗ್ರಾಮಿನ ದನಿಗೆ ಕಾದು ಕೂತಿರುವುದು ಅವನ ಕಣ್ಣಿಗೆ ಕಟ್ಟಿತು. ಅವನು ಸುಭದ್ರಮ್ಮನನ್ನು ಹುಡುಕಿಕೊಂಡು ಹೋದ.

“ನಾಳೆಯಿಂದ ಜನ ಅದನ್ನ ನಂಬ್ತಾರಮ್ಮ.”

“ನಂಬ್ಲಿ.”

“ಅದರಲ್ಲಿ ಇನ್ನೂ ಒಂದು ತಪ್ಪಿದ್ರೆ?”

“ಇರಬಹುದು.”

“ಹಾಗಂದ್ರೆ ನಾನು ನಿದ್ದೆ ಹೇಗೆ ಮಾಡ್ಲಿ?”

“ಫೋನ್ ಪಕ್ಕದಲ್ಲಿಟ್ಟುಕೊಂಡು ಮಾಡು” ಅಂದರು ಸುಭದ್ರಮ್ಮ. “ತಪ್ಪು ಅವಿತುಕೊಳ್ಳೋಷ್ಟು ಜಾಗ ಈ ಸಲ ನೀನು ಬಿಟ್ಟಿಲ್ಲ.”